ಅತ್ತೆ ಬಿಟ್ಟುಹೋದ ಬಿಲ್ಲು

ಏಪ್ರಿಲ್ 17, ಗುರುವಾರ

ಬಂತು, ಬಂತು, ನನಗೇ ಬಂತು ಎಲ್ಕ್ ಪರ್ಮಿಟ್! ಮಿಸೂರಿ ನದಿಯ ಬ್ರೇಕ್ಸ್ ಕಣಿವೆಗಳಲ್ಲಿ ಬಿಲ್ಲಿನಿಂದ ಒಂದು ಗಂಡು ಎಲ್ಕ್, ಕುದುರೆಯಷ್ಟು ದೊಡ್ಡ ಜಿಂಕೆ, ಹೊಡೆಯಲು ಮೊಂಟಾನಾ ಸರ್ಕಾರ ಲಾಟರಿ ಎತ್ತಿ ಆರಿಸಿದ್ದು ನನ್ನನ್ನು, ಈ ಮಾರ್ನಿಯನ್ನು! ಗಂಡ ಗ್ರೇಡಿಗೆ ಬಂದಿಲ್ಲ. ಅವನ ಅಣ್ಣ ವೆಸ್ಲಿಗೆ ಬಂದಿಲ್ಲ. ಪ್ರತಿ ವರ್ಷ ತಪ್ಪದೆ ಅರ್ಜಿ ಹಾಕುವ ಮಾವ ಆರ್ಲೋಗೂ ಬಂದಿಲ್ಲ. ಮದುವೆಯಾಗಿ ಎರಡು ತಿಂಗಳೂ ತುಂಬದ, ಬಿಲ್ಲು ಹಿಡಿದೇ ಗೊತ್ತಿಲ್ಲದ, ಗಂಡ “ಸುಮ್ನೆ ನಿಂದೂ ಒಂದಿರ್ಲಿ” ಅಂದನೆಂದು ಅರ್ಜಿ ಹಾಕಿದ ನನಗೆ ಬಂತು!

ಹಲ್ಲಿನ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂತು ಫೋನ್ ನೋಡಿ ನಾನು ಕಿರುಚಿದ ರಭಸಕ್ಕೆ, ಒಳಗೆ ಬಾಯಿ ತೆರೆದು ಮಲಗಿದ್ದ ಮುದುಕರು ಎದ್ದೇ ಕೂತರಂತೆ. ಅಮ್ಮನ ವಯಸ್ಸಿನವಳಾದರೂ ಗೆಳತಿಯಂತಿರುವ ನರ್ಸ್ ರೊವೀನಾ ಓಡಿಬಂದು, “ಏನಾಯ್ತೇ? ಬಸುರಿನಾ?” ಎಂದಳು.

“ಅದಕ್ಕಿಂತ ಅಪರೂಪ ಕಣೇ!”

ಗ್ರೇಡಿಗೆ ಫೋನ್ ಮಾಡಿದೆ. “ಸುಳ್ಳು,” ಎಂದ. “ಇನ್ನೊಂದ್ಸಲ ಓದು.” ಓದಿದೆ. “ನಮಗೆ ಬಂತು,” ಎಂದ. ನಮಗೆ! ಗಂಡನ ಬಾಯಲ್ಲಿ ಆ ಮಾತು ಎಷ್ಟು ಚೆಂದ! ಸಂಜೆ ಬರುವಾಗ ಐಸ್‌ಕ್ರೀಮ್ ತಂದ. ಅಡುಗೆಮನೆಯಲ್ಲಿ ನನ್ನನ್ನು ಎತ್ತಿ ಗಿರಗಿರ ತಿರುಗಿಸಿದ. ಐಸ್‌ಕ್ರೀಮ್ ಕರಗಿ ಕೌಂಟರಿನ ತುಂಬ ಹರಿಯಿತು, ಹರಿಯಲಿ.

ನನಗೊಂದು ಬಿಲ್ಲು ಬೇಕು! ಹೊಸದು! ನನ್ನದೇ!

ಏಪ್ರಿಲ್ 20, ಈಸ್ಟರ್

ಮಾವನ ಮನೆಯಲ್ಲಿ ಊಟ. ಹ್ಯಾಮ್, ಕೆನೆಯಲ್ಲಿ ಬೇಯಿಸಿದ ಆಲೂಗಡ್ಡೆ, ವೆಸ್ಲಿ ತಾನೇ ಮಾಡಿದೆನೆಂದು ಸುಳ್ಳು ಹೇಳುವ ಪೈ. ಆರ್ಲೋ ಮನೆಯಲ್ಲಿ ಊಟಕ್ಕೆ ಕೂತರೆ ಗೋಡೆಯ ಮೇಲಿನ ಕೊಂಬುಗಳೆಲ್ಲ ನಮ್ಮ ತಟ್ಟೆಯನ್ನೇ ನೋಡುತ್ತಿರುತ್ತವೆ. ಪ್ರತಿಯೊಂದರ ಕೆಳಗೂ ಹಿತ್ತಾಳೆಯ ಹೆಸರುಪಟ್ಟಿ. ಎಲ್ಲಕ್ಕಿಂತ ದೊಡ್ಡ ಕೊಂಬಿನ ಕೆಳಗೆ ‘ಡೋರೀನ್’ ಎಂದಿದೆ. ನನ್ನ ಅತ್ತೆ. ಗ್ರೇಡಿ ಹೈಸ್ಕೂಲು ಮುಗಿಸಿದ ವರ್ಷವೇ ಮನೆ ಬಿಟ್ಟು ನಾರ್ತ್ ಡಕೋಟಾದ ಮೈನಾಟ್‌ಗೆ ಹೋದವರು. ಮದುವೆಗೂ ಬರಲಿಲ್ಲ. ಈ ಮನೆಯಲ್ಲಿ ಅವರ ಹೆಸರು ಉಳಿದಿರುವುದು ಗೋಡೆಯ ಮೇಲೆ ಮಾತ್ರ.

ನಾನು ಹೊಸ ಬಿಲ್ಲಿನ ಮಾತೆತ್ತಿದ್ದೇ ತಡ, ಆರ್ಲೋ ಗ್ಯಾರೇಜಿಗೆ ಹೋಗಿ ಒಂದನ್ನು ತಂದರು. ತುದಿಗಳಲ್ಲಿ ಎರಡು ಗಾಲಿ, ಅವುಗಳ ಸುತ್ತ ಹೆದೆ ಮತ್ತು ತಂತಿ, ಹಿಡಿಕೆಗೆ ಸುತ್ತಿದ ಚರ್ಮ ಸವೆದು ನುಣುಪಾಗಿತ್ತು.

“ಡೋರೀನ್‌ದು. ಈ ಮನೆ ಹೆಂಗಸರು ಹೊಡೆದಿರೋದು ಇದರಲ್ಲೇ. ಹೊಸದ್ಯಾಕೆ ಪುಟ್ಟಿ ನಿಂಗೆ?”

ನನಗೆ ಕಣ್ಣೀರೇ ಬಂತು! ಮನೆಗೆ ಬಂದ ಸೊಸೆಗೆ ಮನೆಯ ಬಿಲ್ಲು! ಎದ್ದು ಹೋಗಿ ಅವರ ಕೆನ್ನೆಗೆ ಮುತ್ತಿಟ್ಟೆ. ವೆಸ್ಲಿ ಮಾತ್ರ ಗ್ರೇಡಿಯ ಕಡೆ ನೋಡಿ ಹುಬ್ಬು ಹಾರಿಸಿದ. ಯಾಕೆ ಅಂತ ಕೇಳಬೇಕೆಂದುಕೊಂಡೆ, ಪೈ ಬಂತು, ಮರೆತೆ.

ಮೇ 4

ಹಿತ್ತಿಲಲ್ಲಿ ಹುಲ್ಲಿನ ಪೆಂಡಿ ಜೋಡಿಸಿ ಗ್ರೇಡಿ ಪಾಠ ಶುರುಮಾಡಿದ್ದಾನೆ. ಈ ಬಿಲ್ಲಿನ ಸೊಗಸು ಏನೆಂದರೆ, ಎಳೆಯುವಾಗ ಮೊದಲರ್ಧ ಜೀವ ಹೋದ ಹಾಗಾಗುತ್ತದೆ, ಆಮೇಲೆ ಗಾಲಿ ಹೊರಳಿ ಭಾರವೆಲ್ಲ ಇದ್ದಕ್ಕಿದ್ದಂತೆ ಇಳಿದುಹೋಗುತ್ತದೆ. ಎಳೆದು ಹಿಡಿದು ಹಾಗೇ ನಿಲ್ಲಬಹುದು, ಪ್ರಾಣಿ ತಿರುಗುವ ತನಕ. ನನಗೆ ಮಾತ್ರ ಆ ಹೊರಳುವ ಜಾಗ ಸಿಗುತ್ತಲೇ ಇಲ್ಲ. ಕೈ ಕಿವಿ ದಾಟಿ, ಹೆಚ್ಚುಕಮ್ಮಿ ಬೆನ್ನ ಹಿಂದೆ ಹೋಗಬೇಕು. ಬಿಟ್ಟಾಗಲೆಲ್ಲ ಹೆದೆ ಬಂದು ಎಡಗೈಗೆ ಫಟ್ ಎಂದು ಹೊಡೆಯುತ್ತದೆ. ಮೊಣಕೈಯಿಂದ ಮಣಿಕಟ್ಟಿನ ತನಕ ನೇರಳೆ ಬಣ್ಣ.

“ಮೊಣಕೈ ಹೊರಗೆ ತಿರುಗಿಸು ಚಿನ್ನ,” ಎನ್ನುತ್ತಾನೆ ಗ್ರೇಡಿ. ತಿರುಗಿಸಿದೆ. ಮತ್ತೆ ಫಟ್. ಆಮೇಲೆ ಐಸ್ ಇಟ್ಟು ಉಫ್ ಉಫ್ ಎಂದು ಊದಿದ. ಇಂಥ ಗಂಡ ಊದುವುದಾದರೆ ಇನ್ನೊಂದು ಕೈಗೂ ಬೀಳಲಿ!

ಮೇ 8

ಇವತ್ತು ನಕ್ಕು ನಕ್ಕು ಸಾಕಾಯಿತು. ರೊವೀನಾ ನನ್ನನ್ನು ಎಕ್ಸ್‌ರೇ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ನನ್ನ ತೋಳು ಮೇಲೆತ್ತಿ, “ಎಷ್ಟು ದಿನದಿಂದ?” ಎಂದಳು.

“ಭಾನುವಾರದಿಂದ.”

“ಗ್ರೇಡಿನಾ?”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. “ಅಯ್ಯೋ ಮಂಕೇ, ಬಿಲ್ಲು! ಬಿಲ್ಲಿನ ಹೆದೆ!”

ಅವಳು ನಗಲಿಲ್ಲ. “ನಾನೂ ಬಿಲ್ಲು ಹಿಡಿದೋಳೇ. ಅಷ್ಟು ಹೊಡೆತ ಬೀಳೋದು ನಿನ್ನ ಅಳತೆ ಮೀರಿದ ಬಿಲ್ಲಿಂದ ಮಾತ್ರ. ಅದು ನಿನ್ನ ಗಂಡನಿಗೆ ಗೊತ್ತಿಲ್ಲ ಅಂತೀಯಾ?”

ಮನೆಗೆ ಬಂದು ಗ್ರೇಡಿಗೆ ಹೇಳಿದೆ, ತಮಾಷೆ ಎಂದು. ಅವನೂ ನಕ್ಕ. ನಗುವ ಮುಂಚೆ ಸ್ವಲ್ಪ ತಡೆದು ನಕ್ಕ.

ಮೇ 24, ಶನಿವಾರ

ಪಕ್ಕದ ಪಟ್ಟಣ ಹ್ಯಾವರ್‌ಗೆ ಹೋಗಿದ್ದೆ, ಪರದೆ ಬಟ್ಟೆ ತರುತ್ತೇನೆಂದು ಹೇಳಿ. ಬಟ್ಟೆಯನ್ನೂ ತಂದೆ, ಹಾಗಾಗಿ ಸುಳ್ಳಲ್ಲ. ಆದರೆ ಮೊದಲು ಹೋದದ್ದು ಬಿಲ್ಲಿನಂಗಡಿಗೆ. ನಮ್ಮೂರಿನ ಅಂಗಡಿಯವನು ಆರ್ಲೋ ಜೊತೆ ದಿನಾ ಕಾಫಿ ಕುಡಿಯುವವನು, ಅಲ್ಲಿ ಕೆಮ್ಮಿದರೂ ಮಾವನಿಗೆ ಕೇಳಿಸುತ್ತದೆ.

ಅಂಗಡಿಯ ಬರ್ಡೆಟ್ ನನ್ನ ಎರಡೂ ಕೈ ಚಾಚಿಸಿ ಟೇಪು ಹಿಡಿದ. “ನಿಮ್ದು ಇಪ್ಪತ್ತಾರು ಅಂಗುಲದ ಎಳೆತ, ಹೆದೆ ಅಷ್ಟೇ ಹಿಂದಕ್ಕೆ ಬರ್ಬೇಕು. ಈಗ ಹಿಡೀತಿರೋದು ಎಷ್ಟರದ್ದು?” ಗೊತ್ತಿಲ್ಲ ಎಂದೆ. ಫೋಟೋ ತೋರಿಸಿದೆ. ಅದರ ಮೇಲೆ ಬರೆದಿತ್ತಂತೆ: ಇಪ್ಪತ್ತೊಂಬತ್ತು. “ಇದು ಆರಡಿ ಗಂಡಸಿಗೆ ಕೂರಿಸಿದ್ದು ಅಮ್ಮಾ. ಹೆಂಗಸಿನದು ಅಂದೋರು ಯಾರು?”

ಕಾರಿನಲ್ಲಿ ಬರುತ್ತ ಯೋಚಿಸಿದೆ. ಅವನು ಮಾರಾಟಗಾರ. ಹಳೆಯದು ಸರಿಯಿಲ್ಲ ಎನ್ನದಿದ್ದರೆ ಹೊಸದು ಹೋಗುವುದು ಹೇಗೆ? ಗ್ರೇಡಿಯೂ ಅದನ್ನೇ ಹೇಳಿದ. ಆದರೆ ನಾನು ಅಂಗಡಿಗೆ ಹೋಗಿದ್ದೆ ಎಂದು ಹೇಳಿದಾಗ ಅವನು ಮೊದಲು ಕೇಳಿದ್ದು “ಯಾವ ಬಿಲ್ಲು ನೋಡಿದೆ?” ಎಂದಲ್ಲ. “ಅಪ್ಪನಿಗೆ ಹೇಳಿದ್ಯಾ?” ಎಂದು.

ಜೂನ್ 8, ಭಾನುವಾರ

ಬಿಲ್ಲುಬೇಟೆಯ ತರಗತಿ ಮುಗಿಯಿತು, ಪಾಸಾದೆ! ಊಟದ ಮೇಜಿನಲ್ಲಿ ಪಾಠದ ಪುಸ್ತಕ ತೆರೆದು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದೆ: ಒಬ್ಬರ ಟ್ಯಾಗ್ ಮೇಲೆ, ಅಂದರೆ ಹೊಡೆದ ಪ್ರಾಣಿಗೆ ಕಟ್ಟುವ ಪರ್ಮಿಟ್ ಚೀಟಿಯ ಮೇಲೆ, ಇನ್ನೊಬ್ಬರು ಪ್ರಾಣಿ ಹೊಡೆಯುವಂತಿಲ್ಲ, ಗಂಡ ಹೆಂಡತಿಯಾದರೂ. ನಾನು ಓದಿದ್ದು ಬರೀ ಉತ್ಸಾಹಕ್ಕೆ, ಮಕ್ಕಳು ಶಾಲೆಯಿಂದ ಬಂದು ಪದ್ಯ ಹೇಳುವ ಹಾಗೆ.

ವೆಸ್ಲಿ ಜೋಳದ ತೆನೆ ಕೆಳಗಿಟ್ಟ. ಆರ್ಲೋ ಬಾಯಿ ಒರೆಸಿಕೊಂಡು, “ಅದನ್ನ ಬರೆಯೋರು ರಾಜಧಾನೀಲಿ ಕುರ್ಚಿ ಮೇಲೆ ಕೂತಿರ್ತಾರೆ ಪುಟ್ಟಿ. ಕಣಿವೇಲಿ ಬಾಣ ಬಿಡೋ ಹೊತ್ತಿಗೆ ಪುಸ್ತಕ ಯಾರು ನೋಡ್ತಾರೆ?” ಎಂದರು. ನಕ್ಕರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಈಗ ಬರೆಯುತ್ತಿರುವಾಗ ಯಾಕೆ ನಕ್ಕೆ ಎಂದು ಗೊತ್ತಾಗುತ್ತಿಲ್ಲ.

ಜೂನ್ 29

ಅಣ್ಣ ತಮ್ಮ ಗ್ಯಾರೇಜಿನಲ್ಲಿದ್ದರು. ಗಾಳಿ ಅವರ ಕಡೆಯಿಂದ ನನ್ನ ಕಡೆಗೆ ಬೀಸುತ್ತಿತ್ತು. ಜಲ್ಲಿ ಬಿಟ್ಟು ಹುಲ್ಲಿನ ಮೇಲೆ ನಡೆದೆ. ನಿಂಬೆ ಶರಬತ್ತಿನ ಲೋಟ ಎರಡೂ ಕೈಯಲ್ಲಿದ್ದವು, ಒಂದಕ್ಕೊಂದು ತಾಗದ ಹಾಗೆ ಹಿಡಿದೆ.

“ಅವಳಿಗೆ ಎಳೆಯೋಕೇ ಆಗ್ತಿಲ್ಲ ಅಂದಮೇಲೆ ಚಿಂತೆ ಏನು?” ವೆಸ್ಲಿಯ ಧ್ವನಿ. “ಟೆಂಟ್‌ನಲ್ಲಿ ಕಾಫಿ ಮಾಡ್ಕೊಂಡು ಕೂತಿರ್ಲಿ. ಅಪ್ಪ ಹೊಡೀತಾರೆ, ಅವಳು ಟ್ಯಾಗ್ ಕಟ್ತಾಳೆ. ಫೋಟೋಗೆ ಕೊಂಬು ಹಿಡ್ಕೊಳ್ಳೋದು ಅವಳೇ. ಹೆಂಗಸರಿಗೆ ಅದೇ ತಾನೇ ಬೇಕಿರೋದು?”

ಗ್ರೇಡಿ ಏನು ಹೇಳುತ್ತಾನೆಂದು ಕಾದೆ. ಶರಬತ್ತಿನ ಐಸ್ ಕರಗುವ ತನಕ ಕಾದೆ. ಅವನು ಸ್ಪ್ಯಾನರ್ ಕೇಳಿದ. ಅಷ್ಟೇ.

ಜುಲೈ 6

ಗಾಲಿ ಬದಲಿಸಿ ಬಿಲ್ಲನ್ನು ನನ್ನ ಅಳತೆಗೆ ಇಳಿಸಿಕೊಡು ಎಂದು ಗ್ರೇಡಿಯನ್ನು ಕೇಳಿದೆ. ನಯವಾಗಿ, ಬೆನ್ನು ಸವರುತ್ತ.

“ಅದಕ್ಕೆ ಬಿಲ್ಲು ಬಗ್ಗಿಸೋ ಯಂತ್ರ ಬೇಕು ಚಿನ್ನ. ಅಪ್ಪನ ಹತ್ರ ಇತ್ತು, ಯಾರೋ ಇಸ್ಕೊಂಡು ಹೋಗಿದಾರಂತೆ.”

ಸಂಜೆ ಆರ್ಲೋ ಮನೆಗೆ ಮೊಟ್ಟೆ ಕೊಡಲು ಹೋದೆ. ಯಂತ್ರ ಅವರ ಗ್ಯಾರೇಜಿನ ಬೆಂಚಿನ ಮೇಲೇ ಇದೆ. ಮೇಲೆ ಹೊದಿಸಿದ್ದ ಟಾರ್ಪಾಲು ಎತ್ತಿ ನೋಡಿದೆ. ಟಾರ್ಪಾಲಿನ ಮೇಲೆ ಧೂಳಿಲ್ಲ, ಉಳಿದ ಬೆಂಚಿನ ತುಂಬ ಧೂಳಿದೆ.

ಗ್ರೇಡಿಗೆ ಸುಳ್ಳು ಹೇಳಿದ್ದು ಅವನಪ್ಪನೋ, ನನಗೆ ಸುಳ್ಳು ಹೇಳಿದ್ದು ಗ್ರೇಡಿಯೋ? ಊಟಕ್ಕೆ ಕೂತಾಗ ಅವನ ಮುಖವನ್ನೇ ನೋಡಿದೆ. “ಏನು?” ಎಂದ. “ಏನಿಲ್ಲ,” ಎಂದೆ.

ಜುಲೈ 19

ರೊವೀನಾ ಡೋರೀನ್ ಜೊತೆ ಓದಿದವಳಂತೆ. ನಂಬರ್ ಅವಳೇ ಕೊಟ್ಟಳು. ಕ್ಲಿನಿಕ್ಕಿನ ಹಿಂದೆ, ಕಸದ ಡಬ್ಬಿಗಳ ಹತ್ತಿರ ನಿಂತು ಫೋನ್ ಮಾಡಿದೆ. ಅತ್ತೆಯ ಧ್ವನಿಯನ್ನು ಮೊದಲ ಸಲ ಕೇಳುವುದು ಹೀಗೆ ಎಂದುಕೊಂಡಿರಲಿಲ್ಲ.

ನಾನು ಯಾರೆಂದು ಹೇಳಿದಾಗ ಅವರು, “ಗ್ರೇಡಿ ಹುಷಾರಾಗಿದಾನಾ?” ಎಂದರು. ಹೂಂ ಎಂದೆ. “ಮತ್ತೆ ಯಾಕೆ ಫೋನು?”

“ನಿಮ್ಮ ಬಿಲ್ಲಿನ ವಿಷಯ.”

“ನನ್ನ ಬಿಲ್ಲಾ?” ನಕ್ಕರು, ಒಣ ನಗು. “ಅದು ಆರ್ಲೋನ ಹಳೇದು ಮಗೂ. ನಂಗೂ ಅದು ದೊಡ್ಡದೇ. ಅಳತೆಗೆ ತಾ ಅಂತ ಪ್ರತಿ ಬೇಸಿಗೆ ಕೇಳ್ತಿದ್ದೆ. ಪ್ರತಿ ಬೇಸಿಗೆ ಯಂತ್ರ ಯಾರೋ ಇಸ್ಕೊಂಡು ಹೋಗಿರ್ತಿದ್ರು.”

ನಾನು ಡಬ್ಬಿಗೆ ಒರಗಿ ನಿಂತೆ.

“ಮತ್ತೆ ಗೋಡೆ ಮೇಲಿರೋ ಕೊಂಬು? ನಿಮ್ಮ ಹೆಸರಿದೆ.”

“ಹೆಸರು ನಂದು. ಬಾಣ ಅವನದು. ನಂದು ಅಂತಿದ್ದ ಟ್ಯಾಗೆಲ್ಲ ಹಾಗೇ ಹೋಯ್ತು. ನಾನು ಟ್ರಕ್ಕಲ್ಲಿ ಕೂತಿರ್ತಿದ್ದೆ. ಆ ದೊಡ್ಡದನ್ನ ಮೊದಲು ಕಂಡವಳು ನಾನೇ, ಗೊತ್ತಾ? ಒಂದು ವಾರ ಒಬ್ಬಳೇ ಹೋಗಿ ಅದು ನೀರಿಗೆ ಬರೋ ದಾರಿ ಹುಡುಕಿದ್ದೆ. ಬಂದು ಹೇಳಿದೆ, ಖುಷಿಗೆ. ಹೇಳಬಾರದಿತ್ತು.”

“ನನಗೆ ಟ್ಯಾಗ್ ಬಂದಿದೆ,” ಎಂದೆ. “ನನ್ನ ಜೊತೆ ಬರ್ತೀರಾ?”

“ಆ ಕಣಿವೆಗೆ ನಾನು ಕಾಲಿಡಲ್ಲ,” ಎಂದು ಫೋನ್ ಇಟ್ಟೇಬಿಟ್ಟರು.

ಇವರು ಹೇಳಿದ್ದೆಲ್ಲ ನಿಜವೇ? ಬಿಟ್ಟುಹೋದ ಹೆಂಡತಿ ಗಂಡನ ಬಗ್ಗೆ ಒಳ್ಳೆಯದು ಹೇಳುತ್ತಾಳೆಯೇ? ಆದರೆ ಯಂತ್ರದ ಮಾತು ನಾನು ಎತ್ತಿರಲಿಲ್ಲ. ಅವರೇ ಎತ್ತಿದರು.

ಜುಲೈ 26, ಹ್ಯಾವರ್

ಬಿಲ್ಲು ತಗೊಂಡೆ.

ಬರ್ಡೆಟ್ ಮೊದಲು ತಂದದ್ದು ನೇರಳೆ ಬಣ್ಣದ್ದು, ಹಗುರ, ಮುದ್ದಾಗಿತ್ತು. “ಹೆಂಗಸರೆಲ್ಲ ಇದನ್ನೇ ಇಷ್ಟಪಡ್ತಾರೆ.” ಮೂರು ತಿಂಗಳ ಹಿಂದೆ ಆಗಿದ್ದರೆ ತಬ್ಬಿಕೊಂಡು ಬರುತ್ತಿದ್ದೆ. ಎಳೆದು ನೋಡಿದೆ. ಬಿಟ್ಟಾಗ ಟಣ್ ಎಂದಿತು. ಅಷ್ಟು ಸದ್ದಿಗೆ ಎಲ್ಕ್ ಕಣಿವೆ ದಾಟಿರುತ್ತದೆ. ಎರಡನೆಯದು ಬೇಗ ಹಾರಿಸುತ್ತದೆ, ಆದರೆ ಎಳೆದು ಹಿಡಿದಾಗ ಕೈಯಿಂದ ಕಿತ್ತುಕೊಂಡು ಹೋಗಲು ನೋಡುತ್ತದೆ. ಮೂರನೆಯದು ಮಣ್ಣಿನ ಬಣ್ಣದ್ದು, ಸ್ವಲ್ಪ ಭಾರ, ನೋಡಲು ಏನೂ ಇಲ್ಲ. ಎಳೆದೆ. ಗಾಲಿ ಹೊರಳಿದ ಜಾಗದಲ್ಲಿ ಗೋಡೆಗೆ ಒರಗಿದ ಹಾಗೆ ನಿಂತಿತು. ಹೆಬ್ಬೆರಳು ದವಡೆಯ ಮೂಳೆಯ ಕೆಳಗೆ ತಾನಾಗಿ ಬಂದು ಕೂತಿತು. ಬಿಟ್ಟೆ. ತೋಳಿಗೆ ಏನೂ ತಾಗಲಿಲ್ಲ. ಸದ್ದು ದಪ್ಪ ಪುಸ್ತಕ ಮುಚ್ಚಿದಷ್ಟು.

“ಎಳೆಯೋ ಭಾರ ಈಗ ನಲವತ್ತು ಪೌಂಡಿಗೆ ಇಡಿ. ಬಲ ಬಂದ ಹಾಗೆ ಏರಿಸಬಹುದಲ್ಲ?”

“ಏರಿಸಬಹುದು. ನೀವು ಆರ್ಲೋ ಸೊಸೆ ಅಲ್ವಾ?”

“ಮಾರ್ನಿ,” ಎಂದೆ.

ಬಿಲ್ಲು ರೊವೀನಾ ಮನೆಯಲ್ಲಿದೆ. ಕೆಲಸಕ್ಕೆ ಹೋಗುವ ಮುಂಚೆ ಅವಳ ಹಿತ್ತಿಲಲ್ಲಿ ದಿನಾ ಅಭ್ಯಾಸ. ಮನೆಯಲ್ಲಿ ಸಂಜೆ ಹಳೆಯದನ್ನೇ ಎಳೆಯಲಾರದವಳ ಹಾಗೆ ಅರ್ಧ ಎಳೆದು, ಬಾಣ ಬಿಡದೆ ಇಳಿಸುತ್ತೇನೆ. ಗ್ರೇಡಿ ಮೊಣಕೈ ತಿರುಗಿಸು ಎನ್ನುತ್ತಾನೆ. ತಿರುಗಿಸುತ್ತೇನೆ.

ಆಗಸ್ಟ್ 10

ಗ್ರೇಡಿಗೆ ಗೊತ್ತಾಗಿದೆ. ತಿಂಡಿ ತಿನ್ನುವಾಗ ನನ್ನ ತೋಳು ನೋಡಿದ. ಒಂದೂ ಕಲೆಯಿಲ್ಲ. ಅವನೂ ಜಾಡು ಹಿಡಿದು ಬೆಳೆದವನು, ನಾನು ಮರೆತಿದ್ದೆ.

ಆಮೇಲೆ ರೊವೀನಾ ಹಿತ್ತಿಲಲ್ಲಿ ನಾನು ಬಿಲ್ಲೆಳೆದು ಹಿಡಿದಿದ್ದೆ. ಬೇಲಿಯ ಆಚೆ ಟ್ರಕ್ಕಿನ ಬಾಗಿಲು ಮೆಲ್ಲಗೆ ಮುಚ್ಚಿದ ಸದ್ದು. ತಿರುಗಲಿಲ್ಲ. ಬಾಣ ಬಿಟ್ಟೆ. ನಡುವಿನ ಕಪ್ಪು ಚುಕ್ಕೆಗೆ ಹೋಯಿತು.

“ಎಷ್ಟಕ್ಕೆ ಕೂರಿಸಿದೀಯ?” ಹಿಂದಿನಿಂದ ಕೇಳಿದ.

“ಇಪ್ಪತ್ತಾರು.”

“ಹೂಂ. ನಿಂದು ಅಷ್ಟೇ ಇರ್ಬೇಕು ಅಂತ ನನಗೂ ಅನ್ಸಿತ್ತು.”

“ಯಾವಾಗ?”

ಬೇಲಿ ಹಿಡಿದು ನಿಂತ. “ಮೊದಲನೇ ದಿನ.”

ನಾನು ಬಾಣಗಳನ್ನು ಕಿತ್ತು ತರಲು ಹೋದೆ. ಕಿತ್ತು ತಂದೆ. ಅಷ್ಟರಲ್ಲಿ ಏನು ಕೇಳಬೇಕೆಂದು ಗೊತ್ತಾಗಿತ್ತು.

“ಯಂತ್ರ ಬೆಂಚಿನ ಮೇಲಿದೆ ಅಂತ ಗೊತ್ತಿತ್ತಾ?”

“ಗೊತ್ತಿತ್ತು.”

“ನಿಮ್ಮಪ್ಪ ನನ್ನ ಟ್ಯಾಗ್ ಮೇಲೆ ಹೊಡೀತಾರೆ ಅಂತ?”

“ಅಪ್ಪನಿಗೆ ಸೊಂಟ ಹೋಗಿದೆ ಮಾರ್ನಿ. ಮುಂದಿನ ವರ್ಷ ಆ ಇಳಿಜಾರು ಇಳಿಯೋಕಾಗಲ್ಲ. ಇದೇ ಕೊನೇದು, ಹುಡುಗಿಗೇನು ಗೊತ್ತಾಗುತ್ತೆ ಅಂದ್ರು. ನಾನು...” ಬೇಲಿಯ ಒಂದು ಸಿಬಿರು ಕಿತ್ತ. “ನಾನು ಹೂಂ ಅಂದೆ.”

“ನನ್ನ ಕೇಳಿದ್ರೆ?”

“ಕೇಳಿದ್ರೆ ನೀನು ಬೇಡ ಅಂತಿದ್ದೆ.”

“ಅದಕ್ಕೇ ಕೇಳ್ಳಿಲ್ಲ.”

“ಅದಕ್ಕೇ.”

“ಅಮ್ಮ ಪ್ರತಿ ಫೋಟೋದಲ್ಲೂ ನಗ್ತಿದ್ರು, ಅವರಿಗೂ ಇಷ್ಟವೇ ಇರ್ಬೇಕು ಅಂದ್ಕೊಂಡಿದ್ದೆ,” ಎಂದ. ಆಮೇಲೆ, “ನಾನೇ ಅಪ್ಪನಿಗೆ ಹೇಳ್ತೀನಿ,” ಎಂದ.

ಹೇಳಲಿ. ನೋಡೋಣ.

ಆಗಸ್ಟ್ 17

ಹೇಳಿಲ್ಲ.

ಆಗಸ್ಟ್ 24

ಹೇಳಿಲ್ಲ. ಆದರೆ ಇವತ್ತು ನಾನು ಅಭ್ಯಾಸ ಮಾಡುವಾಗ ಬಂದು, ಬಾಣಗಳ ತುದಿ ಹರಿತ ಮಾಡಿ ಕೊಟ್ಟ. ಬೆರಳು ಕುಯ್ದುಕೊಂಡ. ನಾನು ಪಟ್ಟಿ ಕಟ್ಟಿದೆ. ಊದಲಿಲ್ಲ. ನಲವತ್ತಾರು ಪೌಂಡ್ ಎಳೆಯುತ್ತಿದ್ದೇನೆ.

ಆಗಸ್ಟ್ 27

ಮೈನಾಟ್‌ನಿಂದ ಫೋನ್ ಬಂತು. ಅತ್ತೆಯೇ ಮಾಡಿದ್ದು. “ಬಿಲ್ಲು ಯಾವುದು ತಗೊಂಡೆ?” ಎಂದು ಕೇಳಿದರು, ನಾನು ಹೇಳಿದೆ. ಎಳೆತ ಎಷ್ಟು, ಸದ್ದು ಹೇಗೆ, ಬಿಡುವಾಗ ಉಸಿರು ಎಲ್ಲಿರುತ್ತದೆ, ಎಲ್ಲ ಕೇಳಿದರು. ಆಮೇಲೆ ಇನ್ನೊಂದು ಮಾತು ಹೇಳಿದರು. ಅದನ್ನು ಗ್ರೇಡಿಗೂ ಹೇಳಿಲ್ಲ.

ಅವರು ಇದಕ್ಕೆ ಒಪ್ಪಿದ್ದು ನನಗಾಗಿಯೋ, ಆರ್ಲೋ ಮುಖ ನೋಡುವುದಕ್ಕೋ? ಯಾವುದಾದರೂ ಇರಲಿ, ಕಣಿವೆ ಅವರಿಗೆ ಗೊತ್ತು.

ಆಗಸ್ಟ್ 31, ಭಾನುವಾರ

ಶನಿವಾರ ಬೇಟೆಯ ಮೊದಲ ದಿನ. ಹಾಗಾಗಿ ಆರ್ಲೋ ಮನೆಯಲ್ಲಿ ಶಿಬಿರಕ್ಕೆ ಮುಂಚಿನ ಊಟ: ಎಲ್ಕ್ ಸಾಸೇಜು, ಜೋಳ, ಕಾಡುಚೆರಿ ಜೆಲ್ಲಿ ಹಚ್ಚಿದ ಬಿಸಿ ಬ್ರೆಡ್ಡು. ಆರ್ಲೋ ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ ಇಟ್ಟು ಕಣಿವೆಯಲ್ಲಿ ಯಾರು ಎಲ್ಲಿ ಕೂರಬೇಕೆಂದು ತೋರಿಸಿದರು. ವೆಸ್ಲಿ ಮೆಣಸು, ಗ್ರೇಡಿ ಸಾಸಿವೆ ಬಾಟಲಿ, ಆರ್ಲೋ ನೀರಿನ ಪಕ್ಕದ ಉಪ್ಪು. ನಾನು ಮೇಜಿನ ತುದಿಯ ಸಕ್ಕರೆ ಬಟ್ಟಲು.

“ಟೆಂಟಾ?” ಎಂದೆ.

“ಟೆಂಟೇ. ಬೆಚ್ಚಗಿರುತ್ತೆ.”

ಗ್ರೇಡಿಯ ಕಡೆ ನೋಡಲಿಲ್ಲ. ನೋಡಿದರೆ ನಾನು ಕೇಳಿದ ಹಾಗಾಗುತ್ತದೆ. ಬ್ರೆಡ್ಡಿಗೆ ಜೆಲ್ಲಿ ಹಚ್ಚುತ್ತ ಕೂತೆ. ಅವನು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು, ನೀರು ಕುಡಿದದ್ದು ಕೇಳಿಸಿತು.

“ಅಪ್ಪ,” ಎಂದ. “ಮಾರ್ನಿ ಹತ್ರ ಅವಳ ಅಳತೆ ಬಿಲ್ಲಿದೆ. ಚೆನ್ನಾಗಿ ಹೊಡೀತಾಳೆ. ಅವಳ ಟ್ಯಾಗಿಗೆ ಅವಳೇ ಹೊಡೀಬೇಕು.”

ವೆಸ್ಲಿ ಶಿಳ್ಳೆ ಹಾಕಿದ. ಆರ್ಲೋ ಮಗನನ್ನು ನೋಡಲಿಲ್ಲ, ನನ್ನನ್ನು ನೋಡಿದರು.

“ಸರಿ. ಹೊಡಿ. ನನ್ನ ಮಕ್ಕಳು ನನ್ನ ಟ್ರಕ್ಕಲ್ಲಿ, ನನ್ನ ಟೆಂಟಲ್ಲಿ ಇರ್ತಾರೆ. ನೀನು ನಿನ್ನ ಬಿಲ್ಲು ಹಿಡ್ಕೊಂಡು ಹೋಗು. ಆ ಜಾಗಕ್ಕೆ ದಾರಿ ಗೊತ್ತಾ ನಿಂಗೆ?”

“ಇಲ್ಲ.”

“ಕೆಳಗಿಳಿದ್ರೆ ಮೇಲೆ ಬರೋದು ಎಲ್ಲಿಂದ ಅಂತ ಗೊತ್ತಾ?”

“ಇಲ್ಲ.”

“ಪ್ರಾಣಿ ಬಿದ್ರೆ ಬಿಸಿಲಲ್ಲಿ ಮಾಂಸ ಕೆಡೋದ್ರೊಳಗೆ ಕತ್ತರಿಸಿ ಹೊತ್ತು ತರ್ಬೇಕು. ಅದು ಒಬ್ಬರ ಕೈಲಾಗೋ ಕೆಲಸ ಅಲ್ಲ. ನಿನ್ನ ಜೊತೆ ಯಾರು ಬರ್ತಾರೆ, ಹಲ್ಲಿನ ಡಾಕ್ಟ್ರಾ?” ವೆಸ್ಲಿ ನಕ್ಕ. “ಆ ದಾರಿ ಗೊತ್ತಿರೋರು ನಾವು ಮೂರೇ ಜನ ಪುಟ್ಟಿ. ಯೋಚ್ನೆ ಮಾಡು.”

“ನಾನು ಹೋಗ್ತೀನಿ ಅವಳ ಜೊತೆ,” ಎಂದ ಗ್ರೇಡಿ. ಧ್ವನಿ ಸಣ್ಣಗಿತ್ತು, ಆದರೆ ಎಂದ. ಅವನು ಅಷ್ಟು ಹೇಳುತ್ತಾನೆಂದು ನಾನು ನಂಬಿರಲಿಲ್ಲ. ಈಗಲೂ ಶನಿವಾರ ಬೆಳಗಾಗುವ ತನಕ ಪೂರ್ತಿ ನಂಬುವುದಿಲ್ಲ. ಆದರೂ ಮೇಜಿನ ಕೆಳಗೆ ಅವನ ಕೈ ಹುಡುಕಿ ಹಿಡಿದೆ. ಪಟ್ಟಿ ಕಟ್ಟಿದ ಬೆರಳು ಬೆವೆತಿತ್ತು.

“ಬಾ, ಮಾಂಸ ಹೊರೋಕೆ ಆಗುತ್ತೆ,” ಎಂದೆ ಅವನಿಗೆ. ಆಮೇಲೆ ಮಾವನ ಕಡೆ ತಿರುಗಿದೆ. “ದಾರಿ ಗೊತ್ತಿರೋರು ಮೂರಲ್ಲ ಆರ್ಲೋ, ನಾಲ್ಕು ಜನ. ನೀರಿಗೆ ಬರೋ ಜಾಗ ಮೊದಲು ಹುಡುಕಿದೋರೇ ನನ್ನ ಜೊತೆ ಬರ್ತಿದಾರೆ.”

ಆರ್ಲೋ ಉಪ್ಪಿನ ಡಬ್ಬಿಯ ಮೇಲೆ ಕೈ ಇಟ್ಟುಕೊಂಡೇ ಇದ್ದರು. ಕೊನೆಗೆ, “ಯಾವಾಗ?” ಎಂದು ಕೇಳಿದ್ದು ಗ್ರೇಡಿ.

“ಗುರುವಾರ,” ಎಂದೆ. “ಮೈನಾಟ್ ಕಡೆಯಿಂದ ಬರೋ ಮಧ್ಯಾಹ್ನದ ರೈಲಿಗೆ.”